ಸುತ್ತಿ ಬಂದ ವೈರು

ಗೋಡೆಗೆ ತೂತು ಕೊರೆಯುವ ಮೊದಲು ಮುನಿಸಾಮಿಯವರು ಅದಕ್ಕೆ ಕೆನ್ನೆ ಆನಿಸಿ, ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ‘ಇಲ್ಲಿ ಕಲ್ಲೈತೆ. ಒಂದು ಗೇಣು ಮೇಲಕ್ಕೆ ಓಗೋಣ’ ಎನ್ನುವರು. ಆ ಲೆಕ್ಕ ತಪ್ಪಿದ್ದನ್ನು ನಾನು ನೋಡಿಲ್ಲ. ಅವರು ಚಾಂಪಿಯನ್ ರೀಫ್ಸಿನವರು. ಅಲ್ಲಿನ ಚಿನ್ನದ ಗಣಿ ಮುಚ್ಚುವ ತನಕ ಅದರೊಳಗೆ ಟೆಲಿಫೋನ್ ವೈರು ಎಳೆದವರು, ಆಮೇಲೆ ಮೊಪೆಡ್ಡಿನಲ್ಲಿ ಬಂಗಾರಪೇಟೆಗೆ ಬಂದು ಮನೆಮನೆಗೆ ಕಂಪ್ಯೂಟರ್ ವೈರು ಎಳೆಯುತ್ತಿದ್ದರು. ‘ಎರಡೂ ಒಂದೇ ಕಣಮ್ಮಾ. ಅಲ್ಲಿರೋನ ಮಾತು ಇಲ್ಲಿರೋನಿಗೆ ಕೇಳ್ಬೇಕು, ಅಷ್ಟೇಯ ಕೆಲ್ಸ’ ಅಂತಿದ್ದರು. ವೈರು ಎಲ್ಲಾದರೂ ಸಿಕ್ಕಿಕೊಂಡರೆ ಬೈಯುತ್ತಿರಲಿಲ್ಲ. ‘ವಾ ಕಣ್ಣು, ವಾ’ ಎಂದು ತಮಿಳಿನಲ್ಲಿ ಮಗುವನ್ನು ಕರೆದಂತೆ ಕರೆಯುವರು, ಅದೂ ಬರುತ್ತಿತ್ತು.

ನಮ್ಮ ಮನೆಯಲ್ಲಿ ಯಾರೂ ಅವರನ್ನು ‘ನೀವು’ ಎಂದವರಲ್ಲ. ಈಗ ಬರೆಯುವಾಗ ಮರ್ಯಾದೆ ಕೊಡುವುದು ನನಗೆ ಸುಲಭವಾಗಿದೆ.

ನಮ್ಮದು ಹಳೆಯ ಮನೆ, ಎರಡಡಿ ದಪ್ಪದ ಗೋಡೆಗಳು. ವೈಫೈ ಒಂದು ಕೋಣೆ ದಾಟುತ್ತಿರಲಿಲ್ಲ. ಅಪ್ಪ ಪತ್ರ ಬರಹಗಾರರು. ಜಮೀನಿನ ಕ್ರಯಪತ್ರ, ವಿಭಾಗಪತ್ರ ಬರೆಸಲು ಅರ್ಧ ತಾಲ್ಲೂಕು ನಮ್ಮ ಮುಂದಿನ ಕೋಣೆಗೆ ಬರುತ್ತದೆ. ಅಲ್ಲಿ ಅವರ ಕಂಪ್ಯೂಟರ್ ಮತ್ತು ಪ್ರಿಂಟರ್, ಮಹಡಿಯಲ್ಲಿ ತಮ್ಮನದು, ಹಿಂದಿನ ಕೋಣೆಯಲ್ಲಿ ನನ್ನದು. ನಾನು ಅಲ್ಲಿ ಕೂತು ಮಕ್ಕಳಿಗೆ ಆನ್‌ಲೈನ್ ಪಾಠ ಹೇಳುತ್ತೇನೆ. ಮೂರಕ್ಕೂ ಒಂದೇ ನೆಟ್ಟು, ಒಂದೇ ಪ್ರಿಂಟರ್ ಜೋಡಿಸಬೇಕಿತ್ತು.

ಮುಂದಿನ ಕೋಣೆಯಿಂದ ನನ್ನ ಕೋಣೆಗೆ ಅಡುಗೆಮನೆಯ ಮೂಲಕ ನೇರವಾಗಿ ಎಳೆದರೆ ಇಪ್ಪತ್ತಡಿ ವೈರು ಸಾಕು. ಮುನಿಸಾಮಿಯವರು ಡ್ರಿಲ್ಲು ಹಿಡಿದು ಅತ್ತ ಹೆಜ್ಜೆ ಇಟ್ಟರು. ಅಪ್ಪ ಬಾಗಿಲಿಗೆ ಅಡ್ಡ ನಿಂತರು.

‘ಒಳಕ್ಕೆ ಬ್ಯಾಡ ಕಣ್ಲಾ. ದೇವ್ರಮನೆ ಐತೆ. ಒರಗಡೆಯಿಂದ ಸುತ್ತಾಕ್ಕೊಂಡು ಓಗು.’

ಅಪ್ಪನಿಗೆ ಅವರ ಜಾತಿ ಗೊತ್ತಿತ್ತು. ಮುನಿಸಾಮಿಯವರ ಮುಖ ಕಪ್ಪಿಟ್ಟಿತು, ಒಂದು ಗಳಿಗೆ ಮಾತ್ರ. ‘ಆಗ್ಲಿ ಸಾಮಿ, ಒರಗಡೆ ಆದ್ರೆ ಒಳಗೆ ಗೋಡೆ ಕೆಡಲ್ಲ’ ಎಂದರು. ನಮ್ಮ ಮಾನವನ್ನು ಅವರೇ ಮುಚ್ಚಿದರು.

ಇಪ್ಪತ್ತಡಿಯ ವೈರು ನೂರಡಿಯಾಗಿ ಮನೆಯನ್ನು ಸುತ್ತಿ, ಬಚ್ಚಲ ಮೇಲೆ ಹಾಯ್ದು ನನ್ನ ಕಿಟಕಿಯಿಂದ ಒಳಗೆ ಬಂತು. ಇಡೀ ದಿನ ಬಿಸಿಲಲ್ಲಿ ಏಣಿಯ ಮೇಲಿದ್ದರು. ಕುಡಿಯುವ ನೀರನ್ನೂ ಅವರೇ ಬಾಟಲಿಯಲ್ಲಿ ತಂದಿದ್ದರು, ನಮ್ಮನ್ನು ಕೇಳಲಿಲ್ಲ. ಹೊರಡುವಾಗ ಹೇಳಿದರು: ‘ಸಾಮಿ, ಇದು ಒಳಗಡೆ ಆಕೋ ವೈರು. ಪೈಪೊಳಗೆ ತೂರಿಸ್ಬೇಕು, ಇಲ್ದಿದ್ರೆ ಬಿಸ್ಲಿಗೆ ಸಿಪ್ಪೆ ಒಡೀತದೆ.’ ‘ಆಮ್ಯಾಕೆ ನೋಡಾನ’ ಎಂದರು ಅಪ್ಪ. ಪೈಪು ಬರಲೇ ಇಲ್ಲ.

ಒಂದು ಬೇಸಿಗೆ ಕಳೆಯಿತು. ಮೊದಲ ಮಳೆಗೆ ಬಚ್ಚಲ ಮೇಲೆ ವೈರು ಒಡೆದು ನೀರು ಕುಡಿಯಿತು. ನನ್ನ ಪಾಠ ಅರ್ಧಕ್ಕೇ ನಿಂತಿತು, ಪ್ರಿಂಟೂ ಹೋಗಲಿಲ್ಲ. ಮುನಿಸಾಮಿಯವರು ಕರೆದ ತಕ್ಷಣ ಬಂದರು. ಅಪ್ಪನ ಮುಂದೆ ಪತ್ರ ಬರೆಸುವವರು ಏಳೆಂಟು ಮಂದಿ ಕೂತಿದ್ದರು. ಅವರೆಲ್ಲರ ಎದುರಿಗೆ ಅಪ್ಪ, ‘ಗುಂಡಿಯೊಳಗೆ ಮಣ್ಣು ಒರೋರ್ಗೆ ಕಂಪ್ಯೂಟರ್ ಕೆಲ್ಸ ಕೊಟ್ರೆ ಇಂಗೇ ಆಗಾದು. ಯಾರೂ ಕರೀಬ್ಯಾಡ್ರಪ್ಪಾ ಇವನ್ನ’ ಎಂದರು. ಮುನಿಸಾಮಿಯವರು ಅಪ್ಪನನ್ನು ನೋಡಲಿಲ್ಲ, ನನ್ನನ್ನು ನೋಡಿದರು. ನಾನು ಪ್ರಿಂಟರಿಗೆ ಹಾಳೆ ತುಂಬಿಸುತ್ತಾ ನಿಂತೆ. ನನ್ನ ಹೇಡಿತನಕ್ಕೆ ನನಗೇ ಅಸಹ್ಯವಾಗುತ್ತದೆ.

ಅಪ್ಪನ ಮಾತು ಊರೆಲ್ಲ ನಡೆಯುತ್ತದೆ. ಆ ಮೊಪೆಡ್ಡು ನಮ್ಮ ಬೀದಿಗೆ ಮತ್ತೆ ಬರಲಿಲ್ಲ, ಬೇರೆ ಬೀದಿಗಳಿಗೂ ಬರಲಿಲ್ಲ.

ನಮ್ಮ ಮನೆಗೆ ಬೇರೊಬ್ಬ ಬಂದ. ಅಪ್ಪ ಅವನ ಊರು ಕೇಳಿದರು, ಯಾರ ಪೈಕಿ ಎಂದು ಕೇಳಿದರು, ಅಮ್ಮ ಕಾಫಿ ಕೊಟ್ಟಳು. ಆಮೇಲೆ ಅವನು ಚಪ್ಪಲಿ ಬಿಟ್ಟು ಸೀದಾ ಅಡುಗೆಮನೆಯೊಳಗೆ ನಡೆದ. ಎರಡು ಕಡೆ ಗಾರೆ ಕಿತ್ತುಬಂದರೂ ಇಪ್ಪತ್ತಡಿಯ ವೈರಿನಲ್ಲಿ ಕೆಲಸ ಮುಗಿಸಿದ. ಅಲ್ಲಿಂದೀಚೆಗೆ ತೊಂದರೆಯಿಲ್ಲ. ‘ಕೆಲ್ಸ ಅಂದ್ರೆ ಇದು’ ಎಂದು ಅಪ್ಪ ಬಂದವರಿಗೆಲ್ಲ ತೋರಿಸುತ್ತಾರೆ.

ಕಳೆದ ತಿಂಗಳು ಬಸ್ ನಿಲ್ದಾಣದಲ್ಲಿ ಮುನಿಸಾಮಿಯವರು ಸಿಕ್ಕಿದರು. ಕಾಮಸಮುದ್ರದ ಕಡೆ ಗಾರೆ ಕೆಲಸಕ್ಕೆ ಹೊರಟಿದ್ದರು, ಕೈಯಲ್ಲಿ ಸಿಮೆಂಟು ಮೆತ್ತಿದ ಬಾಂಡ್ಲಿ ಇತ್ತು. ಅಪ್ಪ ಹಾಗೆ ಹೇಳಬಾರದಿತ್ತು ಎಂದೆ.

‘ನಿಮ್ಮಪ್ಪಂಗೆ ವೈರ್ ವಿಷ್ಯ ಏನಮ್ಮಾ ಗೊತ್ತು? ಅವರ ಮಾತು ಬುಡು’ ಎಂದರು. ‘ನಿಂಗೆ ಗೊತ್ತಿತ್ತು. ಪೈಪ್ ಆಕ್ಬೇಕು ಅಂದಾಗ ನೀನು ಅಲ್ಲೇ ನಿಂತಿದ್ದೆ.’

‘ಹೌದು, ನಿಂತಿದ್ದೆ. ಇವತ್ತೇ ಅಪ್ಪನ ಹತ್ರ ಎಲ್ಲಾರ ಮುಂದೆ ಹೇಳ್ತೀನಿ.’

ಅವರು ನಕ್ಕರು. ಬಸ್ಸು ಬಂತು, ಹತ್ತಿ ಹೋದರು.

ಮನೆಗೆ ಬಂದು ನೆಟ್ಟಗೆ ಅಪ್ಪನ ಮುಂದೆ ನಿಂತೆ. ಪತ್ರ ಬರೆಸುವವರು ಇಬ್ಬರು ಕೂತಿದ್ದರು. ಅಪ್ಪ ಕನ್ನಡಕದ ಮೇಲಿನಿಂದ ನೋಡಿ, ‘ಏನಮ್ಮಾ?’ ಎಂದರು.

‘ಏನಿಲ್ಲಪ್ಪ’ ಎಂದೆ. ‘ಊಟಕ್ಕೆ ಬಾ.’