ಅರ್ಧ ಸ್ವರದ ಅವಾಂತರ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಇಸ್ತ್ರಿ ಮೇಜನ್ನೇ ಬರೆಯುವ ಮೇಜು ಮಾಡಿಕೊಂಡು ಈ ಮನುಷ್ಯ ನಿಂತಲ್ಲೇ ಬರೆಯುತ್ತಿದ್ದಾರೆ. ಕಿಟಕಿಯಿಂದ ಬಾಗಿಲಿಗೆ ಕಟ್ಟಿದ ಹಗ್ಗದಲ್ಲಿ ಬಟ್ಟೆಯ ಬದಲು ಸಂಗೀತದ ಹಾಳೆಗಳು, ಶಾಯಿ ಒಣಗಲೆಂದು. ಗಡಿಯಾರ ನೋಡುತ್ತಾರೆ, ತಮ್ಮನ್ನೇ ಬೈದುಕೊಳ್ಳುತ್ತಾರೆ, ಮತ್ತೆ ಬರೆಯುತ್ತಾರೆ. ಇವರ ಬಗ್ಗೆ ಬರೆಯಲು ಬಂದ ನನಗೆ ಕೂತುಕೊಳ್ಳಿ ಎನ್ನುವಂತೆಯೂ ಇಲ್ಲ. ಕುರ್ಚಿಯ ಮೇಲೂ ಹಾಳೆಗಳೇ.

ಊರಿನ ಬ್ಯಾಂಡಿನಲ್ಲಿ ಒಬ್ಬೊಬ್ಬ ವಾದಕರಿಗೂ ಅವರವರ ಪಾಲಿನ ಸ್ವರಗಳನ್ನು ಬೇರೆ ಬೇರೆ ಬರೆದುಕೊಡುವುದು ಇವರ ಕೆಲಸ. ಎಲ್ಲರೂ ಇವರನ್ನು 'ಕಾಪಿ' ಅನ್ನುತ್ತಾರೆ. ಹೆಸರು ಕೆಲಸದಿಂದ ಬಂತೋ, ಗಳಿಗೆಗೊಮ್ಮೆ ಕೈಗೆತ್ತಿಕೊಳ್ಳುವ ಕಾಫಿ ಲೋಟದಿಂದ ಬಂತೋ, ಅವರಿಗೇ ನೆನಪಿಲ್ಲ.

ಈಗ ಕೈಯಲ್ಲಿರುವುದು ಮೂವತ್ತರ ದಶಕದ ಅಮೆರಿಕದ ಒಂದು ಸ್ವಿಂಗ್ ಜಾಝ್ ರಚನೆ, ಕುಣಿತಕ್ಕೆಂದೇ ಕಟ್ಟಿದ್ದು. ಬರೆದಿಟ್ಟ ಪ್ರತಿ ಎಲ್ಲೂ ಸಿಕ್ಕಿಲ್ಲ. ಉಳಿದಿರುವುದು ಒಂದು ಗ್ರಾಮಫೋನ್ ತಟ್ಟೆ ಮಾತ್ರ. ಅದನ್ನು ಕೇಳಿ ಕೇಳಿಯೇ ಬರೆಯಬೇಕು. ಸ್ಯಾಕ್ಸೊಫೋನುಗಳು ಚಿಕ್ಕದೊಂದು ಪ್ರಶ್ನೆ ಎಸೆಯುತ್ತವೆ, ತುತ್ತೂರಿಗಳು ಉತ್ತರ ಕೊಡುತ್ತವೆ, ತಾಳ ಬೆನ್ನು ಹತ್ತಿ ಅಟ್ಟುತ್ತದೆ.

"ಜನಕ್ಕೆ ಕೆಲಸ ಇಲ್ಲದ ಕಾಲ ಅದು. ಕುಣಿದು ಮರೀಬೇಕಿತ್ತು, ಅದಕ್ಕೇ ಇದು ಒಂದು ಕಡೆ ನಿಲ್ಲಲ್ಲ," ಎನ್ನುತ್ತಾರೆ ಕಾಪಿ. "ಎಷ್ಟೋ ಕಡೆ ಕುಣಿಯೋ ಬಿಳಿಯರಿಗೆ ಮುಂಬಾಗಿಲು, ನುಡಿಸೋ ಕಪ್ಪು ಜನಕ್ಕೆ ಹಿಂಬಾಗಿಲು. ತಟ್ಟೆಯ ಒಂದು ಬದಿಗೆ ಹಿಡಿಯೋದೇ ಮೂರು ನಿಮಿಷ. ಒಬ್ಬನೇ ನುಡಿಸೋನಿಗೆ, ಅದೇ ಸೋಲೊಗೆ, ಚಿಟಿಕೆಯಷ್ಟು ಜಾಗ. ಈ ಸ್ಯಾಕ್ಸೊಫೋನಿನವನನ್ನ ಕೇಳಿ, ತುತ್ತೂರಿ ಮುಗಿಯೋ ಮೊದಲೇ ನುಗ್ತಾನೆ. ತಡ ಮಾಡಿದ್ರೆ ಸಿಗೋದೇ ಇಲ್ಲ ಅನ್ನೋ ಭಯ."

ಇವನು ಯಾರೆಂದು ತಟ್ಟೆ ಹೇಳುವುದಿಲ್ಲ. ಅದರ ಮೇಲಿರುವುದು ಆ ಬ್ಯಾಂಡಿನ ಯಜಮಾನನ ಹೆಸರೊಂದೇ. ಆದರೆ ಅವನು ನುಡಿಸುವಾಗ ಹಿಂದಿನ ಮೇಳದಲ್ಲಿ ಎರಡನೇ ಸ್ಯಾಕ್ಸೊಫೋನ್ ಕೇಳಿಸುವುದಿಲ್ಲ. ಅಂದರೆ ಅದು ಅವನೇ. ಊರಿನ ಬ್ಯಾಂಡಿನಲ್ಲಿ ಆ ಎರಡನೇ ಕುರ್ಚಿ ಕಾಪಿಯ ಅಕ್ಕನದು. ವಯಸ್ಸೆಲ್ಲ ಇನ್ನೊಬ್ಬರ ಬೆನ್ನಿಗೆ ಸ್ವರ ಕೊಟ್ಟುಕೊಂಡೇ ಕಳೆದಾಕೆ.

ಅಂಥ ಅಕ್ಕನ ಪಾಲಿಗೆ ಈಗ ಬಂದ ಆ ಚಿಟಿಕೆ ಜಾಗವನ್ನು ತಮ್ಮನೇ ಕೆಡಿಸಿಬಿಟ್ಟಿದ್ದರು. ಪ್ಲೇಯರಿನ ಬೆಲ್ಟ್ ಬದಲಾಯಿಸಿದ ಮೇಲೆ ತಟ್ಟೆ ಚೂರು ಜೋರಾಗಿ ತಿರುಗುತ್ತಿತ್ತು, ಸ್ವರವೂ ಅಷ್ಟು ಮೇಲೇರಿತ್ತು. ಗಮನಿಸದೆ ಇಡೀ ರಚನೆಯನ್ನು ಅರ್ಧ ಸ್ವರ ಮೇಲಿನ ಶ್ರುತಿಯಲ್ಲಿ ಬರೆದರು. ಕಳೆದ ತಾಲೀಮಿನಲ್ಲಿ ಎಲ್ಲರದೂ ಎಡವಟ್ಟು. ಇವತ್ತಿನ ತಾಲೀಮಿನಲ್ಲೂ ಹೊಂದದಿದ್ದರೆ ಬೇರೆಯದನ್ನು ನುಡಿಸೋಣ ಎಂದು ಊರ ಬ್ಯಾಂಡಿನ ಯಜಮಾನರು ಹೇಳಿಬಿಟ್ಟಿದ್ದಾರೆ. ಅದಕ್ಕೇ ಈಗ ಎಲ್ಲರ ಹಾಳೆಗಳನ್ನೂ ಸರಿಯಾದ ಶ್ರುತಿಯಲ್ಲಿ ಮತ್ತೆ ಬರೆಯುತ್ತಿದ್ದಾರೆ ಕಾಪಿ.

ತಪ್ಪು ಹಿಡಿದದ್ದು ಅಕ್ಕನ ಬೆರಳುಗಳು. ಈಗಲೂ ಕಾಫಿ ಹಿಡಿದು ಬಂದವರು ಅದನ್ನೇ ಎತ್ತುತ್ತಾರೆ. "ದಿನಾ ರಾತ್ರಿ ಜನರನ್ನ ಕುಣಿಸೋನು ಬೆರಳು ಗಂಟುಬೀಳೋ ಶ್ರುತಿ ಯಾಕೆ ಹಿಡೀತಾನೋ? ಕಂಪ್ಯೂಟರಲ್ಲಿ ಬರೆದಿದ್ರೆ ಒಂದು ಗುಂಡಿ ಒತ್ತಿದ್ರೆ ಶ್ರುತಿ ಇಳಿದುಬಿಡ್ತಿತ್ತು."

"ಬೈಯಕ್ಕಾ, ಬೈ. ಆದ್ರೆ ಆ ಹಾಳೆ ಮುಟ್ಟಬೇಡ, ಹಸಿ ಇದೆ."

ತಾಲೀಮಿನ ಕೋಣೆಯಲ್ಲಿ ಕಾಪಿ ಬಾಗಿಲ ಬಳಿಯೇ ನಿಂತಿದ್ದಾರೆ. ಕಾಲು ಒಂದೆಡೆ ನಿಲ್ಲುತ್ತಿಲ್ಲ. ಪ್ರಶ್ನೆ, ಉತ್ತರ, ಮತ್ತೆ ಪ್ರಶ್ನೆ. ತುತ್ತೂರಿಗಳು ಮುಗಿಸುವ ಮೊದಲೇ ಅಕ್ಕ ನುಗ್ಗುತ್ತಾರೆ. ಯಜಮಾನರು ಕತ್ತೆತ್ತಿ ಆ ಕಡೆ ನೋಡುತ್ತಾರೆ. ತಾಳ ಹಾಕುವ ಕೈ ಮಾತ್ರ ನಿಲ್ಲಿಸುವುದಿಲ್ಲ. ಕೊನೆಗೆ, "ಇದು ಇರಲಿ," ಎಂದಷ್ಟೇ ಹೇಳಿ ಮುಂದಿನ ಹಾಳೆ ತೆಗೆಯುತ್ತಾರೆ.

ನಿಮ್ಮ ಬಗ್ಗೆ ಏನು ಬರೆಯಲಿ ಎಂದು ಕಾಪಿಯನ್ನು ಕೇಳುತ್ತೇನೆ. ಅವರು ಶಾಯಿ ಮೆತ್ತಿದ ಬೆರಳುಗಳನ್ನು ಪ್ಯಾಂಟಿಗೆ ಉಜ್ಜಿಕೊಳ್ಳುತ್ತಾರೆ.

"ನನ್ನ ಬಗ್ಗೆ ಏನಿದೆ? ಇಷ್ಟು ವರ್ಷ ಅಕ್ಕನ ಹಾಳೆ ನಾನೇ ಬರೆದಿದ್ದೀನಿ. ಅದರ ಮೇಲೆ 'ಸೋಲೊ' ಅಂತ ಬರೆದಿದ್ದು ಇದೇ ಮೊದಲು."