ಸ್ಟೋರ್ಸ್‌ನವರ ಸೆಷನ್ನು ನಾನು ಕಡಿದದ್ದು

ಬಿಡದಿಯಲ್ಲಿ ಬಿಡಿಭಾಗ ಮಾಡುವ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗಕ್ಕೆ ನಾನು ಸೇರಿದಾಗ ಆ ವಿಭಾಗವೆಂದರೆ ನಾನೊಬ್ಬಳೇ. ಚನ್ನಪಟ್ಟಣದಿಂದ ಬೆಳಗಿನ ರೈಲಿಗೆ ಬಂದು ಸರ್ವರ್ ಕೋಣೆಯ ಮುಂದೆ ಚಪ್ಪಲಿ ಬಿಡುವಷ್ಟರಲ್ಲೇ ಫೋನು ಬಡಿದುಕೊಳ್ಳುತ್ತಿತ್ತು. ಯಾರಿಗೋ ಲಾಗಿನ್ ಆಗುತ್ತಿಲ್ಲ.

ಕಾರಣ ಕರೆಂಟು. ದಿನಕ್ಕೆ ನಾಲ್ಕೈದು ಸಲ ಹೋಗುತ್ತಿತ್ತು. ಸರ್ವರಿಗೆ ಯುಪಿಎಸ್ ಇತ್ತು. ಗೇಟು, ಸ್ಟೋರ್ಸು, ಪ್ಯಾಕಿಂಗಿನ ಕಂಪ್ಯೂಟರುಗಳಿಗೆ ಇರಲಿಲ್ಲ. ಅವು ಆರಿಹೋದ ಸುದ್ದಿಯೇ ಡೇಟಾಬೇಸ್ ಸರ್ವರಿಗೆ ಮುಟ್ಟುತ್ತಿರಲಿಲ್ಲ. ಆ ತುದಿಯಲ್ಲಿ ಇನ್ನೂ ಜನ ಕೂತಿದ್ದಾರೆಂದೇ ನಂಬಿ ಅವರ ಸೆಷನ್ನು, ಅಂದರೆ ಲಾಗಿನ್ ಆದಾಗ ತೆರೆದ ಸಂಪರ್ಕವನ್ನು, ಹಾಗೇ ಇಟ್ಟುಕೊಳ್ಳುತ್ತಿತ್ತು. ಕರೆಂಟು ಬಂದು ಅವರೇ ಮತ್ತೆ ಒಳಗೆ ಬಂದರೆ ಅದು ಇನ್ನೊಂದು ಸೆಷನ್. ಇದ್ದದ್ದು ನಲವತ್ತಕ್ಕೆ ಜಾಗ. ಹತ್ತೂವರೆ ಹೊತ್ತಿಗೆ ಸತ್ತವೇ ತುಂಬಿಕೊಂಡು, ಕೆಲಸ ಇರುವವರು ಹೊರಗೆ.

ಸರ್ವರ್ ಕೊಟ್ಟವರನ್ನು ಕೇಳಿದರೆ ಎರಡು ಗಂಟೆ ಕಾಯಿರಿ, ಅದೇ ಬಿಟ್ಟುಕೊಡುತ್ತದೆ ಎಂದರು. ಅಲ್ಲಿಯವರೆಗೆ ಗೇಟಿನ ಲಾರಿಗಳು ಏನು ಮಾಡಬೇಕು? ನಾನೇ ಪಟ್ಟಿ ತೆರೆದು ಒಂದೊಂದಾಗಿ ಕಡಿಯುತ್ತಿದ್ದೆ. ಕಡಿದು ಊಟಕ್ಕೆ ಎದ್ದರೆ ಮತ್ತೆ ಕರೆಂಟು ಹೋಗುತ್ತಿತ್ತು. ಮೂರು ತಿಂಗಳು ಇದೇ. ರೋಸಿಹೋಗಿ ಒಂದು ಸೋಮವಾರ ನಿಯಮ ಹಾಕಿಬಿಟ್ಟೆ: ಹದಿನೈದು ನಿಮಿಷ ಏನೂ ಮಾಡದ ಸೆಷನ್ ತಾನಾಗೇ ಕಡಿದುಹೋಗಲಿ. ಮಧ್ಯಾಹ್ನದವರೆಗೂ ಒಂದು ಫೋನಿಲ್ಲ. ಗೆದ್ದೆ ಅಂದುಕೊಂಡೆ.

ಮೂರು ಗಂಟೆಗೆ ಸ್ಟೋರ್ಸ್ ನೋಡಿಕೊಳ್ಳುವ ಹಿರಿಯರು ಬಂದು ಬಾಗಿಲಲ್ಲಿ ನಿಂತರು. ಕೂಟಗಲ್ ಕಡೆಯವರು, ದನಿ ಏರಿಸಿದವರಲ್ಲ. ಅವತ್ತು ಸ್ಟಾಕ್ ಎಣಿಕೆ. ಬೆಳಗ್ಗೆ ಕರೆಂಟು ಹೋಗಿ ಬಂದಮೇಲೆ ಬೋಲ್ಟು, ವಾಷರು ಎಲ್ಲ ಟೈಪ್ ಮಾಡಿ, ಸೇವ್ ಮಾಡದೆ ಕೊನೆಯ ರ‍್ಯಾಕ್ ಎಣಿಸಲು ಹೋಗಿದ್ದರಂತೆ. ಕೈಯಲ್ಲಿ ಎಣಿಸಿ ಬರಲು ಅರ್ಧ ಗಂಟೆ. ಬಂದು ಸೇವ್ ಒತ್ತಿದರೆ ಅಲ್ಲಿಯವರೆಗೆ ಹಾಕಿದ್ದಷ್ಟೂ ಮಾಯ.

"ನಾನು ರ‍್ಯಾಕ್ ಮುಂದೆ ಎಣಿಸ್ಕಂಡು ನಿಂತಿದ್ರೆ, ನಿಮ್ ಮಿಶಿನ್ನು ನಾನು ಸತ್ತೋದೆ ಅನ್ಕತ್ತಾ ಮೇಡಂ?" ಎಂದರು.

ಹಾಗಂದುಕೊಂಡದ್ದು ಮಿಶಿನ್ನಲ್ಲ, ನಾನು ಎನ್ನಬೇಕಿತ್ತು. ಬದಲಿಗೆ ನಡುನಡುವೆ ಸೇವ್ ಮಾಡಬೇಕು ಎಂದು ಅವರಿಗೇ ಸಿಡುಕಿನಿಂದ ಪಾಠ ಹೇಳಿದೆ. ಎಣಿಕೆ ಬರೆದ ಹಾಳೆ ಮಡಿಸಿ ಜೇಬಿಗಿಟ್ಟುಕೊಂಡು ಹೋದರು.

ಆಮೇಲೆ ಕೈಪಿಡಿ ಹಿಡಿದು ಕೂತೆ. ಸುಮ್ಮನಿರುವವರನ್ನು ಕಡಿಯುವುದು ಬೇರೆ, ಆ ತುದಿಯ ಕಂಪ್ಯೂಟರ್ ಬದುಕಿದೆಯೇ ಎಂದು ವಿಚಾರಿಸುವುದು ಬೇರೆ. ವಿಚಾರಿಸುವ ಕೆಲಸವನ್ನು ನಮ್ಮ ಸರ್ವರ್ ಎರಡು ಗಂಟೆ ಕಳೆದಮೇಲಷ್ಟೇ ಮಾಡುತ್ತಿತ್ತು. ಅದನ್ನು ಐದು ನಿಮಿಷಕ್ಕೆ ಇಳಿಸುವುದು ಒಂದು ಸಾಲಿನ ಬದಲಾವಣೆ. ಮೂರು ತಿಂಗಳಲ್ಲಿ ಯಾರೂ ಹೇಳಿರಲಿಲ್ಲ, ನಾನೂ ಓದಿರಲಿಲ್ಲ. ಆ ಸಾಲು ಬದಲಿಸಿ, ಹದಿನೈದು ನಿಮಿಷದ ನಿಯಮ ಕಿತ್ತುಹಾಕಿದೆ.

ಮರುದಿನ ಸ್ಟೋರ್ಸಿಗೆ ಹೋಗಿ ಅವರ ಕುರ್ಚಿಯಲ್ಲಿ ಕೂತೆ. ಅವರು ಹಾಳೆಯಲ್ಲಿ ಬರೆದಿಟ್ಟಿದ್ದನ್ನು ಓದುತ್ತಾ ಹೋದರು, ನಾನು ಟೈಪ್ ಮಾಡಿದೆ. ತಪ್ಪಾಯಿತು ಅನ್ನಲು ಬಾಯಿ ತೆರೆದರೆ, "ಒಸಿ ನಿಧಾನ ಮೇಡಂ, ವಾಷರ್ ಸಾಲು ಬುಟ್ಬುಟ್ರಿ" ಎಂದು ಪರದೆಗೆ ಬೆರಳು ತೋರಿಸಿದರು.