ಬುಕ್ಕಸಾಗರದಿಂದ ಬಂದ ತಿದ್ದುಪಡಿ

ಹೊಸಪೇಟೆಯ ಒಂದು ಪದವಿ ಕಾಲೇಜಿನಲ್ಲಿ ನಾನು ಸಸ್ಯಶಾಸ್ತ್ರ ಕಲಿಸುತ್ತೇನೆ. ನನ್ನದು ಬೆಳಗಿನ ಮೊದಲ ಪೀರಿಯಡ್ಡು. ಕಂಪ್ಲಿಯ ಬಸ್ಸು ಹೊತ್ತಿಗೆ ಬಂದರೆ ಬೆಂಚುಗಳು ತುಂಬುತ್ತವೆ. ಸಂಡೂರಿನ ರಸ್ತೆಯಲ್ಲಿ ಅದಿರಿನ ಲಾರಿಗಳು ಸಾಲುಗಟ್ಟಿ ನಿಂತ ದಿನ ಯಶವಂತನಗರದ ಮಕ್ಕಳು ಪಾಠ ಮುಗಿಯುವ ಹೊತ್ತಿಗೆ ಬೆವರು ಒರೆಸಿಕೊಳ್ಳುತ್ತ ಒಳಗೆ ಬರುತ್ತಾರೆ. ಹೇಳಿದ್ದನ್ನೇ ಹೇಳಿ ಸಾಕಾಗಿ, ಪಾಠದ ಒಂದಿಷ್ಟನ್ನಾದರೂ ಅವರ ಫೋನಿಗೇ ಮುಟ್ಟಿಸೋಣ ಎಂದು ಒಂದು ಬೇಸಿಗೆ ರಜೆಯಲ್ಲಿ ನನ್ನ ಕೋರ್ಸಿಗೆ ಜಾಲತಾಣ ಕಟ್ಟಲು ಕುಳಿತೆ.

ಕಂಪ್ಯೂಟರ್ ವಿಭಾಗದ ಸಹೋದ್ಯೋಗಿಯೊಬ್ಬರು ಕಾಲೇಜಿನ ತಾಣದಲ್ಲೇ ಜಾಗ ಮಾಡಿಕೊಟ್ಟರು. ವಾರಕ್ಕೊಂದು ಪುಟ ಮಾಡುವುದು, ಚಿತ್ರ ಸೇರಿಸುವುದು, ಪ್ರಶ್ನೆ ಹಾಕುವುದು ಎಲ್ಲವನ್ನೂ ಎರಡು ಮಧ್ಯಾಹ್ನ ಪಕ್ಕದಲ್ಲಿ ಕೂತು ಕಲಿಸಿದರು. ಚಿತ್ತವಾಡ್ಗಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ನನ್ನ ಹಳೆಯ ನೋಟ್ಸುಗಳನ್ನೆಲ್ಲ ಹರಡಿಕೊಂಡು ರಜೆಯಿಡೀ ಟೈಪ್ ಮಾಡಿದೆ. ಮುಗಿಸಿದಾಗ ನನಗೇ ಹೆಮ್ಮೆ ಅನಿಸಿತು.

ಕಾಲೇಜು ಶುರುವಾಗಿ ಎರಡು ವಾರವಾದರೂ ಪುಟಗಳನ್ನು ತೆರೆದವರು ಬೆರಳೆಣಿಕೆಯಷ್ಟು. ಯಾರು ತೆರೆದರು, ಯಾರು ಇಲ್ಲ ಎಂಬುದೆಲ್ಲ ನನಗೆ ಕಾಣುತ್ತಿತ್ತು. ತರಗತಿಯಲ್ಲಿ ಏಕೆಂದು ಕೇಳಿದೆ. ಕೊನೆಗೆ ಕಂಪ್ಲಿಯ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ಓದಾಕ ಭಾಳ ಐತ್ರಿ. ನೀವು ಕ್ಲಾಸಿನ್ಯಾಗ ಹೇಳಿದಂಗ ಇಲ್ರಿ ಅದು" ಎಂದಳು.

ಮನೆಗೆ ಹೋಗಿ ಓದಿ ನೋಡಿದೆ. ಅವಳ ಮಾತು ನಿಜವಾಗಿತ್ತು. ಅಷ್ಟು ಬಿಗಿಯಾದ ಕನ್ನಡ ನನಗೇ ಉಸಿರುಗಟ್ಟಿಸಿತು. ಮೊದಲಿನಿಂದ ಶುರು ಮಾಡಿದೆ. ಒಂದು ವಿಷಯಕ್ಕೆ ಒಂದು ಚಿತ್ರ, ಮೂರು ನಿಮಿಷದ ಧ್ವನಿ, ಎರಡು ಸಣ್ಣ ಪ್ರಶ್ನೆ. ಕೆಳಗೆ ಅವರು ತಮ್ಮ ಅನುಮಾನಗಳನ್ನು ಬರೆಯಲು ಜಾಗ. ಫ್ಯಾನಿನ ಸದ್ದು ಬರಬಾರದೆಂದು ಅದನ್ನು ಆರಿಸಿ, ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ನಾನು ಫೋನಿಗೆ ಪಾಠ ಹೇಳುತ್ತಿದ್ದರೆ, ಹೊರಗಿನಿಂದ ನನ್ನ ಗಂಡ ಯಾರ ಜೊತೆ ಜಗಳ ಎಂದು ಕೇಳಿದ್ದೂ ಉಂಟು.

ಈ ಸಲ ಮಕ್ಕಳು ಕೇಳತೊಡಗಿದರು. ಬಸ್ಸಿನಲ್ಲಿ ಕಿವಿಗೆ ಹಾಕಿಕೊಂಡು ಬರುತ್ತೇವೆ ಎಂದು ಕೆಲವರು ಹೇಳಿದರು. ಆದರೆ ಅನುಮಾನದ ಜಾಗ ಮಾತ್ರ ಖಾಲಿಯೇ ಉಳಿಯಿತು. ಅಲ್ಲಿ ಮೊದಲು ಬರೆದವಳು ಬುಕ್ಕಸಾಗರದ ಒಬ್ಬ ಹುಡುಗಿ. ಹಿಂದಿನ ಬೆಂಚಿನಲ್ಲಿ ಕೂತು, ಹಾಜರಿ ಕೂಗಿದಾಗ ಬಿಟ್ಟರೆ ಬಾಯಿ ತೆರೆಯದವಳು. ಅವಳು ಬರೆದದ್ದು ಇಷ್ಟೇ: "ಮೇಡಂ, ಸಿಟ್ಟಾಗಬ್ಯಾಡ್ರಿ. ನಮ್ಮವ್ವ ನಿಮ್ಮ ಪಾಠ ಕೇಳಿ, ಸಸಿ ಆಳಕ್ಕ ನೆಡಾದು ತಪ್ಪು ಅಂತಾಳ್ರಿ."

ಹುಲ್ಲಿನ ಜಾತಿಯ ಗಿಡಗಳ ಪಾಠ ಅದು. ಭತ್ತದ ಸಸಿಯನ್ನು ಆಳವಾಗಿ ನೆಟ್ಟರೆ ಗಟ್ಟಿಯಾಗಿ ನಿಂತು ಬುಡದಿಂದ ಹೆಚ್ಚು ತೆಂಡೆ, ಅಂದರೆ ಪಕ್ಕದ ಚಿಗುರುಗಳು, ಒಡೆಯುತ್ತವೆ ಎಂದು ನಾನು ಹೇಳಿದ್ದೆ. ಪುಸ್ತಕ ತೆಗೆದು ನೋಡಿದರೆ ಆ ಮಾತು ಅದರಲ್ಲಿ ಇರಲೇ ಇಲ್ಲ; ಆಳ ಕಡಿಮೆ ಇರಬೇಕೆಂದೇ ಇತ್ತು. ಹೇಳುವ ಭರದಲ್ಲಿ ನಾನೇ ಸೇರಿಸಿದ್ದು. ಎಲ್ಲರೂ ನೋಡುವ ಪುಟದಲ್ಲಿ ಹೀಗಾಯಿತಲ್ಲ ಎಂದು ಮುಖ ಬಿಸಿಯಾಯಿತು. ಅವಳ ಸಾಲನ್ನು ಅಳಿಸಿ, ಧ್ವನಿಯನ್ನು ಸದ್ದಿಲ್ಲದೆ ಬದಲಿಸಿದರೆ ಮುಗಿಯಿತು ಎಂದೂ ಒಂದು ಗಳಿಗೆ ಅನಿಸಿತು. ಆದರೆ ಇಷ್ಟು ದಿನ ಕಾದ ಮೇಲೆ ಬಂದ ಮೊದಲ ಮಾತು ಅದು. ನಿಮ್ಮವ್ವ ಹೇಳಿದ್ದೇ ಸರಿ, ನಾನು ಬಂದು ಅವರ ಹತ್ತಿರ ಕಲಿಯಬಹುದೇ ಎಂದು ಅದರ ಕೆಳಗೇ ಬರೆದೆ.

ಭಾನುವಾರ ಹೋದೆ. ಕಾಲುವೆಗೆ ನೀರು ಬಿಟ್ಟು ನಾಟಿ ನಡೆದಿದ್ದ ದಿನಗಳು. ಹುಡುಗಿ ನನ್ನನ್ನು ಬದುವಿನ ಮೇಲೆ ಕರೆದುಕೊಂಡು ಹೋದಳು. ಅವಳ ತಾಯಿ ಬೇರೆಯವರ ಗದ್ದೆಯಲ್ಲಿ ಕೂಲಿಗೆ ನಾಟಿ ಮಾಡುತ್ತಿದ್ದರು. ನನ್ನನ್ನು ಕಂಡು ನಾಚಿದರು, ಮಗಳನ್ನು ಗದರಿದರು. ಅಡುಗೆ ಮಾಡುವಾಗ ಕಿವಿಗೆ ಬಿದ್ದದ್ದಕ್ಕೆ ಏನೋ ಅಂದೆ, ಇವಳು ಅದನ್ನು ಬರೆದೇಬಿಟ್ಟಳು ಎಂದು ಹೇಳಿಕೊಂಡರು. ನಾನು ಚಪ್ಪಲಿ ಬಿಟ್ಟು ಸೀರೆ ಎತ್ತಿ ಕಟ್ಟಿಕೊಂಡು ಕೆಸರಿಗೆ ಇಳಿದ ಮೇಲೆ ಅವರ ಸಂಕೋಚ ಕಡಿಮೆಯಾಯಿತು.

"ಬುಡ ಆಳಕ್ಕ ಹೋದ್ರ ಅದು ಮ್ಯಾಲ ಬರಾದ್ರಾಗ ಸುಸ್ತಾಗತೈತ್ರಿ, ತೆಂಡಿ ಎಲ್ಲಿಂದ ಒಡದೀತು?" ಎನ್ನುತ್ತ ಎರಡು ಸಸಿಯನ್ನು ಬೆರಳ ತುದಿಯಲ್ಲಿ ಹಿಡಿದು, ಕೆಸರಿಗೆ ಹೀಗೆ ತಾಕಿಸಿ ಬಿಟ್ಟರು. ನಾನು ನೆಟ್ಟ ನಾಲ್ಕನ್ನು ಕಿತ್ತು ಮತ್ತೆ ನೆಟ್ಟರು. ಇದನ್ನು ವಿಡಿಯೊ ಮಾಡಿ ಪಾಠಕ್ಕೆ ಹಾಕಬಹುದೇ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ಮುಖ ಬ್ಯಾಡ್ರಿ, ಕೈ ಅಷ್ಟ ತೆಗೀರಿ" ಎಂದರು. ಹಾಗೇ ತೆಗೆದೆವು. ಫೋನು ಹಿಡಿದವಳು ಮಗಳು.

ನನ್ನ ತಪ್ಪು ಧ್ವನಿಯನ್ನು ತೆಗೆಯಲಿಲ್ಲ. ಪಕ್ಕದಲ್ಲಿ ಇದು ತಪ್ಪು ಎಂದು ಬರೆದು, ಕೆಳಗೆ ಆ ಕೈಗಳ ವಿಡಿಯೊ ಹಾಕಿದೆ. ಮುಂದಿನ ತರಗತಿಗೆ ಹೆಚ್ಚಿನವರು ಅದನ್ನು ನೋಡಿಯೇ ಬಂದಿದ್ದರು. ಬೋರ್ಡಿಗೆ ಚಿತ್ರ ಬರೆಯುವ ಮೊದಲೇ ಮಾತು ಶುರುವಾಯಿತು. ಆಳಕ್ಕೆ ನೆಟ್ಟರೆ ಏಕೆ ತೆಂಡೆ ಕಡಿಮೆ ಎಂದು ಒಬ್ಬರು ಕೇಳಿದ್ದಕ್ಕೆ ಉತ್ತರ ಕೊಟ್ಟವಳು ಹಿಂದಿನ ಬೆಂಚಿನ ಆ ಹುಡುಗಿ. ಎದ್ದು ನಿಂತೇ, ಕೈಯಲ್ಲಿ ಮಾಡಿ ತೋರಿಸುತ್ತ ಹೇಳಿದಳು. ನಾನು ಸೇರಿಸಬೇಕಾದದ್ದು ವಿಜ್ಞಾನದ ಒಂದೆರಡು ಶಬ್ದ ಮಾತ್ರ.

ಆಮೇಲೆ ಅನುಮಾನದ ಜಾಗ ಖಾಲಿ ಉಳಿಯಲಿಲ್ಲ. ಯಶವಂತನಗರದ ಒಬ್ಬಳು ಕೆಂಪು ಧೂಳು ಕೂತ ಬೇವಿನ ಎಲೆಯ ಫೋಟೊ ಹಾಕಿ, ಇದು ಉಸಿರಾಡುವುದು ಹೇಗೆ ಎಂದು ಕೇಳಿದಳು. ಕಂಪ್ಲಿಯ ಹುಡುಗಿ ತಮ್ಮ ತೋಟದ ಬಾಳೆಯ ಬುಡದ ಮರಿಕಂದನ್ನು ಅಗೆದು, ಅದರ ಬೇರು ತೋರಿಸಿದಳು. ಪ್ರತಿ ವಾರ ಒಂದು ಪ್ರಶ್ನೆಯನ್ನು ಆರಿಸಿ ಅದರಿಂದಲೇ ತರಗತಿ ಶುರು ಮಾಡುತ್ತೇನೆ. ಬಸ್ಸು ಈಗಲೂ ತಡವಾಗುತ್ತದೆ. ತಡವಾಗಿ ಬಂದವರು ಈಗ ಬಾಗಿಲಲ್ಲಿ ಹಿಂಜರಿಯುವುದಿಲ್ಲ. ಆ ವಾರದ ಪ್ರಶ್ನೆಯನ್ನು ಬಸ್ಸಿನಲ್ಲೇ ಫೋನಿನಲ್ಲಿ ನೋಡಿರುವುದರಿಂದ, ಮಾತು ಯಾವುದರ ಬಗ್ಗೆ ಎಂಬುದು ಅವರಿಗೆ ಗೊತ್ತಿರುತ್ತದೆ. ಕೂತು, ಬ್ಯಾಗು ಇಳಿಸುವ ಮೊದಲೇ ಸೇರಿಕೊಳ್ಳುತ್ತಾರೆ.